ತವರೂರಿನ ಲಾಡ್ಜು

ಪಕ್ಕದ ಮನೆಯಾಕೆ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡೇ ಬಂದಿದ್ದಳು. "ಅಕ್ಕಾ, ಎರಡು ದಿನ ವಿಜಯಪುರ ನೋಡ್ಕೊಂಡು ಬರೋಣ ಅಂತಿದ್ದೀವಿ. ನಿಮ್ಮ ಕಡೆಯ ಊರಲ್ವಾ? ಎಲ್ಲಿ ಇಳ್ಕೋಬೇಕು, ಊಟ ಎಲ್ಲಿ ಚೆನ್ನಾಗಿರುತ್ತೆ, ಟೀ ಎಲ್ಲಿ ಕುಡೀಬೇಕು, ಹೇಳಿಬಿಡಿ, ಬರ್ಕೋತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಆಕೆಯದೇನು ತಪ್ಪು? ಆದರೆ ತವರಿನ ಕಡೆಯ ಹೋಟೆಲು, ಲಾಡ್ಜುಗಳ ಪಟ್ಟಿ ಯಾವ ಹೆಣ್ಣುಮಗಳಿಗೆ ಬಾಯಿಪಾಠ ಇರುತ್ತದೆ ಹೇಳಿ. ಇದೆ ಅಂದರೆ ಆಕೆಯ ತವರಿನಲ್ಲಿ ಏನೋ ಕೆಟ್ಟಿದೆ ಅಂತಲೇ ಅರ್ಥ. ನನಗೆ ಬಾಯಿಪಾಠ ಇತ್ತು. ಒಂದೊಂದಾಗಿ ಹೇಳಿ ಬರೆಸಿದೆ.

ನನ್ನ ತವರು ಬಬಲೇಶ್ವರ. ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಮದುವೆಯಾಗಿ ದಾವಣಗೆರೆಗೆ ಬಂದು ಮೂವತ್ತು ವರ್ಷವಾಯಿತು. ಅಷ್ಟೂ ವರ್ಷ ವಿಜಯಪುರ ಅಂದರೆ ನನಗೆ ಬಸ್‌ಸ್ಟ್ಯಾಂಡು ಮಾತ್ರ. ಇಳಿದರೆ ಅಲ್ಲಿ ತಮ್ಮ ಮೋಟರ್‌ಸೈಕಲ್ ಹಿಡಿದು ನಿಂತಿರುತ್ತಿದ್ದ. "ಒಂದು ಚಹಾ ಕುಡಿದು ಹೋಗೋಣೋ" ಅಂದರೆ, "ಮನಿಯಾಗ ಹಾಲು ಇಲ್ಲೇನಕ್ಕಾ?" ಅಂತ ಬೈಯುತ್ತಿದ್ದ. ಹೊರಗಿನ ಚಹಾ ಕುಡಿಸಿದರೂ ಅವನಿಗೆ ಅವಮಾನ.

ಅಂಥ ತಮ್ಮ, ತನ್ನ ಮಗಳ ಮದುವೆಗೆ ನನ್ನನ್ನು ಲಾಡ್ಜಿನಲ್ಲಿ ಇಳಿಸಿದ.

ಮದುವೆಯ ಹಿಂದಿನ ದಿನ ನಾನೂ ಯಜಮಾನರೂ ಬಸ್ಸಿಳಿದೆವು. ಅವನು ಮೋಟರ್‌ಸೈಕಲ್ಲಿನ ಬದಲು ಒಂದು ಕೀಲಿಕೈ ಹಿಡಿದು ನಿಂತಿದ್ದ. "ಅಕ್ಕಾ, ಮನಿ ತುಂಬ ಬೀಗರು ಅದಾರ. ಮಾವಾರಿಗೆ ಗದ್ದಲದಾಗ ನಿದ್ದಿ ಹತ್ತೂದಿಲ್ಲ. ಇಲ್ಲೇ ಎಸಿ ರೂಮ್ ಹಿಡದೀನಿ, ಆರಾಮ ಇರ್ರಿ. ನಾಳೆ ಮುಂಜಾನೆ ಗಾಡಿ ಕಳಸತೀನಿ."

ಅವನ ಮುಖದಲ್ಲಿ ಏನು ಹೆಮ್ಮೆ! ಅಕ್ಕನಿಗೆ ಅರಮನೆಯನ್ನೇ ಕೊಡಿಸಿದವನ ಹಾಗೆ ನಿಂತಿದ್ದ. ನನಗೆ ಮಾತ್ರ ಎದೆಗೆ ಒದ್ದಹಾಗಾಯಿತು. ನಾನು ಆ ಮದುಮಗಳ ಸೋದರತ್ತೆ. ಅರಿಷಿಣದ ನೀರು ಹಾಕಬೇಕಾದವಳು. ಆ ಮನೆಯ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೆ ತಲೆ ಕೊಟ್ಟು ಮಲಗಿದರೂ ಅದು ನನ್ನ ಹಕ್ಕು. ಆ ರಾತ್ರಿ ಹೇಗೋ ನುಂಗಿಕೊಂಡೆ. ಮರುದಿನ ಮದುವೆಯಲ್ಲಿ ಅಕ್ಷತೆ ಬಿದ್ದ ಕೂಡಲೇ, ನಾಲ್ಕು ಜನರ ಎದುರಿಗೇ ಅಂದೆ: "ಲಾಡ್ಜಿನ್ಯಾಗ ಇಳದವರು ಬೀಗರಾಗ್ತಾರ, ಮನಿ ಮಗಳಲ್ಲ. ನೀ ಬಂದು ಕರಿಯೂತನಕ ಇನ್ನ ನಿನ್ನ ಹೊಸ್ತಿಲಾ ತುಳಿಯಾಕಿ ಅಲ್ಲ ನಾನು."

ಅವನೂ ನನ್ನ ತಮ್ಮನೇ ತಾನೆ, ಸಿಟ್ಟಿನಲ್ಲಿ ನನಗಿಂತ ಒಂದು ಕೈ ಮೇಲೆ. "ಹೆಣ್ಣಮಗಳು ತನ್ನ ಮನಿಗೆ ಬರಾಕ ಕರಿ ಬೇಕಂದ್ರ ಬ್ಯಾಡ ಬಿಡು" ಅಂದ. ಊಟ ಮಾಡದೆ ಬಂದೆ. ಆ ವರ್ಷದ ಪಂಚಮಿಗೆ ಅವನು ಕರೆಯಲು ಬರಲಿಲ್ಲ. ಅದರ ಮುಂದಿನ ಪಂಚಮಿಗೂ ಬರಲಿಲ್ಲ.

ಹೋದ ವರ್ಷ ನಮ್ಮ ಯಜಮಾನರು ಶುರು ಮಾಡಿದರು. "ಮೂವತ್ತು ವರ್ಷದಿಂದ ಆ ಊರಿನ ಅಳಿಯ ನಾನು. ಗೋಳಗುಮ್ಮಟ ಹತ್ತಿಲ್ಲ ಅಂದ್ರೆ ಜನ ನಗ್ತಾರೆ. ಎರಡು ದಿನ ಪ್ರವಾಸ ಹೋಗೋಣ ನಡಿ." ಸರಿ ಅಂದೆ. ಯಾವ ಲಾಡ್ಜು ಅಂತ ಕೇಳಿದಾಗ, ತಮ್ಮ ಹಿಡಿದಿದ್ದ ಅದೇ ಲಾಡ್ಜಿನ ಹೆಸರು ಹೇಳಿದೆ. ಬೇಕಂತಲೇ ಹೇಳಿದೆ. ಮದುವೆಯ ಸಲ ಇದ್ದ ಅದೇ ಮ್ಯಾನೇಜರು ಕೌಂಟರಿನಲ್ಲಿದ್ದ, ಗುರುತು ಹಿಡಿದ. "ಅಕ್ಕಾರ, ಮತ್ತ ಮದಿವಿ ಐತೇನ್ರಿ?" ಅಂದ. "ಇಲ್ಲರಿ, ಊರು ನೋಡಾಕ ಬಂದೀವಿ" ಅಂದೆ. ಊರು ನೋಡಲು! ಆ ಮಾತು ನನ್ನ ಬಾಯಿಂದಲೇ ಬಂತಲ್ಲ ಅಂತ ಮೆಟ್ಟಿಲು ಹತ್ತುವಾಗ ಅಳು ಬಂತು.

ಮೊದಲ ದಿನ ಚೆನ್ನಾಗಿಯೇ ತಿಂದೆವು, ಅದನ್ನೇಕೆ ಸುಳ್ಳು ಹೇಳಲಿ. ಗೋಳಗುಮ್ಮಟದ ಎದುರು ಒಬ್ಬ ಸಾಹೇಬರ ಚಹದಂಗಡಿ. ಹಾಲು ಕುದಿಸಿ ಕುದಿಸಿ ಕೆಂಪಗೆ ಮಾಡಿದ ಚಹಾ. "ಇನ್ನೊಂದು ಅರ್ಧ ಕುಡೀರಿ ಅಕ್ಕಾರ, ದೂರಿಂದ ಬಂದೀರಿ" ಅಂದರು. ದೂರದವಳಲ್ಲ ಅನ್ನದೆ ಆ ಅರ್ಧವನ್ನೂ ಕುಡಿದೆ. ಮಧ್ಯಾಹ್ನ ಸಿದ್ಧೇಶ್ವರ ಗುಡಿಯ ಹತ್ತಿರದ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಗಟ್ಟಿ ಮೊಸರು. ಯಜಮಾನರು ನಾಲ್ಕು ರೊಟ್ಟಿ ಹೊಡೆದರು. ಬಡಿಸುವ ಹೆಂಗಸು ನನ್ನ ತಾಟು ನೋಡಿ, "ಯಾಕವ್ವಾ, ರೊಟ್ಟಿ ತಿಂದು ರೂಢಿ ಇಲ್ಲೇನು? ಅನ್ನಾ ಹಾಕ್ಲ್ಯಾ?" ಅಂದಳು. ನನಗೆ! ರೊಟ್ಟಿ ರೂಢಿಯಿಲ್ಲವಾ ಅಂತ!

ಎರಡನೆಯ ದಿನ ಯಜಮಾನರಿಗೆ ತಿಕೋಟಾದ ಒಣದ್ರಾಕ್ಷಿ ಬೇಕು ಅನಿಸಿತು. ಹೋಗಿ ಎರಡು ಕಿಲೋ ಕೊಂಡೆವು. ವಾಪಸು ಬರಲು ಸಿಕ್ಕ ಜೀಪು ಬಬಲೇಶ್ವರದ ಮೇಲೆ ಹಾದುಹೋಗುವಂಥದು. ನಾನು ಬೇಡ ಅನ್ನಲಿಲ್ಲ. ಸಂತೆಯ ದಿನ, ಜೀಪು ಅಲ್ಲಿಯೇ ನಿಂತುಬಿಟ್ಟಿತು. ಹಸಿವಾಗಿತ್ತು. ಮಿರ್ಚಿ ಕರಿಯುವ ಮುದುಕಿಯ ಮುಂದೆ ಕೂತೆವು. ನಮ್ಮ ಓಣಿಯವಳೇ. ಎಣ್ಣೆಯಿಂದ ಮಿರ್ಚಿ ಎತ್ತುವ ಜಾಲರಿ ಸೌಟು ಕೈಯಲ್ಲಿ ಹಿಡಿದೇ ನನ್ನನ್ನು ದಿಟ್ಟಿಸಿದಳು.

"ಯವ್ವಾ! ಯಾವಾಗ ಬಂದೀ ಬೇ? ತಮ್ಮನ ಮನ್ಯಾಗ ಇಳದೀಯಿಲ್ಲ?"

"ಮತ್ತೆಲ್ಲಿ ಇಳೀಲಿ ಬೇ? ಮನ್ಯಾಗ ಅದೀನಿ" ಅಂದೆ. ಯಜಮಾನರು ಮಿರ್ಚಿ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅಲ್ಲಿಂದ ನಮ್ಮ ಮನೆ ಎಷ್ಟು ದೂರ? ಎರಡು ತಿರುವು. ಎದ್ದು ಹೋಗಿದ್ದರೆ ಮಿರ್ಚಿ ಆರುವುದರೊಳಗೆ ಮುಟ್ಟುತ್ತಿದ್ದೆ. ಹೋಗಲಿಲ್ಲ. ಕರೆದಿಲ್ಲವಲ್ಲ! ಬಸ್ಸು ಹಿಡಿದು ಲಾಡ್ಜಿಗೆ ಬಂದೆ.

ಸಂತೆಯಲ್ಲಿ ಆಡಿದ ಮಾತು ಮನೆ ಮುಟ್ಟದೆ ಇರುತ್ತದೆಯೇ? ಮನೆಯಲ್ಲಿ ಇಲ್ಲದ ಅಕ್ಕ ಯಾವ ಲಾಡ್ಜಿನಲ್ಲಿರುತ್ತಾಳೆ ಅನ್ನುವುದು ತಮ್ಮನಿಗೆ ಹೊಳೆಯದೆ ಇರುತ್ತದೆಯೇ? ಮರುದಿನ ಮುಂಜಾನೆ ಊರಿಗೆ ಹೊರಡಲು ಕೆಳಗಿಳಿದರೆ ಮ್ಯಾನೇಜರು ಕೌಂಟರಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟ. "ನಿಮ್ಮ ತಮ್ಮಾರು ಬಂದಿದ್ರರಿ, ನಸುಕಿನ್ಯಾಗ. ಮ್ಯಾಲೆ ಹೋಗ್ರಿ ಅಂದೆ. 'ಬ್ಯಾಡ, ಮಾವಾರು ಮಲಗಿರತಾರ' ಅಂದ್ರು. ಒಂದು ಅರ್ಧಾ ತಾಸು ಈ ಕಟಗಿ ಬಾಕಿನ ಮ್ಯಾಲೆ ಕುಂತಿದ್ರು. ಆಮ್ಯಾಲೆ ಡಬ್ಬಿ ಕೊಟ್ಟು, 'ನಮ್ಮವ್ವಂದು ಇದು, ಹೊಳ್ಳಿ ತಂದು ಕೊಡಂತ ಹೇಳ್ರಿ' ಅಂದು ಹೋದ್ರು."

ಮುಚ್ಚಳದ ಮೇಲೆ ತೀರಿಹೋದ ಅವ್ವನ ಹೆಸರು ಕೆತ್ತಿತ್ತು. ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬದನೆಕಾಯಿ ಪಲ್ಯ, ಹಿಂಡಿ. ಬುತ್ತಿ. ನಮ್ಮಲ್ಲಿ ಬುತ್ತಿ ಕಟ್ಟುವುದು ಮಗಳನ್ನು ಕಳಿಸಿಕೊಡುವಾಗ. ಬಾ ಅನ್ನದೆಯೇ ಹೋಗಿ ಬಾ ಅಂದುಬಿಟ್ಟನಲ್ಲ, ಅದೂ ಲಾಡ್ಜಿನ ಕೌಂಟರಿನ ಮೇಲಿಂದ! ಅದರ ಮೇಲೆ ಡಬ್ಬಿ ವಾಪಸು ಬೇಕಂತೆ. ಅವ್ವನ ಒಂದು ಡಬ್ಬಿ ನನ್ನ ಹತ್ತಿರ ಉಳಿದರೆ ಇವನ ಮನೆ ಮುಳುಗುತ್ತದೆಯೇನು? ತಲೆಗೆ ಏರಿಬಿಟ್ಟಿತು ನನಗೆ.

ಮತ್ತೆ ಮೇಲೆ ಹೋಗಿ ಬುತ್ತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದೆ. ಡಬ್ಬಿಯನ್ನು ಲಾಡ್ಜಿನ ಪುಟ್ಟ ಸಾಬೂನಿನಿಂದ ತೊಳೆದೆ. ಯಜಮಾನರು ಬಾಗಿಲಲ್ಲಿ ನಿಂತು, "ಖಾಲಿ ಕೊಡಬೇಡ ಕಣೆ. ದ್ರಾಕ್ಷಿ ಇದೆಯಲ್ಲ, ಒಂದು ಹಿಡಿ ಹಾಕು" ಅಂದರು. ಅವರಿಗೂ ಗೊತ್ತು. ನಮ್ಮ ಕಡೆ ಡಬ್ಬಿಯನ್ನು ಬರಿದಾಗಿ ಹೊಳ್ಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಬರಿದು ಕೊಟ್ಟರೆ ಇಲ್ಲಿಗೆ ಕೊಡುಕೊಳ್ಳುವುದು ಮುಗಿಯಿತು ಅಂತ. ನನಗೂ ಗೊತ್ತಿತ್ತು. ಗೊತ್ತಿದ್ದೇ ಬರಿದು ಇಟ್ಟೆ. "ತಮ್ಮಾರಿಗೆ ಫೋನ್ ಮಾಡ್ರಿ, ಬಂದು ಒಯ್ಯಲಿ" ಅಂತ ಮ್ಯಾನೇಜರಿಗೆ ಹೇಳಿ ಹೊರಬಿದ್ದೆ.

ಬಸ್ಸು ಆಲಮಟ್ಟಿಯ ಹೊಳೆ ದಾಟಿದ ಮೇಲೆ ರೊಟ್ಟಿ ತಿಂದೆವು. ಎರಡು ದಿನದಲ್ಲಿ ತಿಂದದ್ದರಲ್ಲೆಲ್ಲ ರುಚಿಯಾದದ್ದು ಅದೇ. ಯಜಮಾನರು ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು: "ಅವನು ಡಬ್ಬಿ ತಂದು ಕೊಡು ಅಂದದ್ದು, ಮನೆಗೆ ಬಾ ಅಂತಲ್ಲವೇನೆ?"

ಅಯ್ಯೋ ದೇವರೇ. ಕರೆಯಲು ಬರುವುದಿಲ್ಲ ಅಂದವನು ನಸುಕಿನಲ್ಲಿ ಅಷ್ಟು ದೂರ ಬಂದು, ಆ ಬೆಂಚಿನ ಮೇಲೆ ಕೂತು, ಕೊನೆಗೆ ಅವ್ವನ ಡಬ್ಬಿಯ ನೆಪದಲ್ಲಿ ಕರೆದಿದ್ದ. ನಾನು ಅದನ್ನು ತೊಳೆದು ಇಟ್ಟು ಬಂದಿದ್ದೆ.

ಪಕ್ಕದ ಮನೆಯಾಕೆಗೆ ಚಹದಂಗಡಿ, ಖಾನಾವಳಿ, ಒಣದ್ರಾಕ್ಷಿ ಎಲ್ಲ ಹೇಳಿ, ಲಾಡ್ಜಿನ ಹೆಸರೂ ಬರೆಸಿದೆ. "ಒಂದು ಉಪಕಾರ ಮಾಡಿ. ಹೋದ ವರ್ಷ ಅಲ್ಲಿ ಒಂದು ಸ್ಟೀಲ್ ಡಬ್ಬಿ ಬಿಟ್ಟಿದ್ದೆ. ನನ್ನ ತಮ್ಮ ಒಯ್ದನಾ ಅಂತ ಕೇಳಿ" ಅಂದೆ.

ಆಕೆ ಲಾಡ್ಜಿನ ಕೌಂಟರಿನಿಂದಲೇ ಫೋನ್ ಮಾಡಿದಳು. "ಅಕ್ಕಾ, ಡಬ್ಬಿ ಇಲ್ಲೇ ಇದೆ. ರೂಮಿನ ಕೀಲಿಕೈ ಹಾಕಿಡ್ತಾರೆ ಅದರಲ್ಲಿ. ಅವತ್ತೇ ಮ್ಯಾನೇಜರು ನಿಮ್ಮ ತಮ್ಮನಿಗೆ ಫೋನ್ ಮಾಡಿದ್ರಂತೆ. 'ತುಂಬಿ ಇಟ್ಟಾಳೋ, ಖಾಲಿನೋ?' ಅಂತ ಅವರು ಕೇಳಿದ್ರಂತೆ. ಖಾಲಿ ಅಂದ್ರಂತೆ ಇವರು. 'ಹಂಗಾರ ಅಲ್ಲೇ ಇರ್ಲಿ ಬಿಡ್ರಿ' ಅಂದು ಫೋನ್ ಇಟ್ಟುಬಿಟ್ರಂತೆ. ನಾನು ತರಲಾ ಅಕ್ಕಾ?"

"ಬ್ಯಾಡ್ರಿ" ಅಂದೆ. ದಾವಣಗೆರೆಯ ಮಾತೆಲ್ಲ ಮರೆತುಹೋಗಿತ್ತು. "ಅದನ್ನ ತುಂಬಿಕೊಂಡು ಹೋಗಬೇಕಾದಾಕಿ ನಾನು."

ಹಾಗೆ ಹೇಳಿ ಮೂರು ತಿಂಗಳಾಯಿತು. ತಿಕೋಟಾದ ದ್ರಾಕ್ಷಿ ಮುಗಿದುಹೋಗಿದೆ. ನಾನು ಇನ್ನೂ ಹೋಗಿಲ್ಲ.