ಹೆಪ್ಪು ಕೇಳಿ ಆರಿಸಿದ ಓಣಿ

ನಿಮ್ಮ ಪಕ್ಕದ ಮನೆಯಲ್ಲಿ ಇವತ್ತು ಏನು ಪಲ್ಯ ಮಾಡಿದ್ದಾರೆ, ಹೇಳಿ ನೋಡೋಣ? ಗೊತ್ತಿಲ್ಲ ಅಲ್ಲವೇ? ಹಾಗಾದರೆ ಮನೆ ಆರಿಸುವಾಗ ನೀವು ನಲ್ಲಿ ತಿರುಗಿಸಿ ನೋಡಿದ್ದೀರಿ, ಲೈಟು ಹಾಕಿ ನೋಡಿದ್ದೀರಿ, ಪಕ್ಕದ ಬಾಗಿಲು ಬಡಿದು ಮಾತ್ರ ನೋಡಿಲ್ಲ. ನಾನು ಬಡಿದು ನೋಡಿದವಳು. ಅದರಿಂದ ಏನಾಯಿತು ಎಂಬುದನ್ನು, ಮೊಮ್ಮಗಳು ಕಲಿಸಿದ ಹಾಗೆ, ಒಂದೇ ಬೆರಳಿನಿಂದ ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಒತ್ತಕ್ಷರ ಬಂದಾಗಲೆಲ್ಲ ಉಸಿರು ಹಿಡಿಯಬೇಕು. ಅವಸರ ಮಾಡಬೇಡಿ.

ಮೊಮ್ಮಗಳಿಗೆ ಕೊಪ್ಪಳದಲ್ಲಿ ಸರ್ಕಾರಿ ಕೆಲಸ ಸಿಕ್ಕಿತ್ತು. ನಾವು ಯಲಬುರ್ಗಾದವರು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಎರಡೇ ತಿಂಗಳಿಗೆ ಹುಡುಗಿ ಕಡ್ಡಿಯಾದಳು. ಅಲ್ಲೇ ಬಾಡಿಗೆ ಮನೆ ಹಿಡಿಯುವುದು, ಕಾವಲಿಗೆ ನಾನು ಜೊತೆಗೆ ಹೋಗುವುದು ಎಂದು ಮಗ ಸೊಸೆ ಸೇರಿ ತೀರ್ಮಾನಿಸಿದರು. ಯಾರು ಯಾರನ್ನು ಕಾಯಬೇಕು ಎಂದು ನಾನು ಕೇಳಲಿಲ್ಲ. ಯಲಬುರ್ಗಾ ಬಿಡಲು ನನಗೂ ಬೇಜಾರಿರಲಿಲ್ಲ. ಎರಡು ವರ್ಷದಿಂದ ಅಲ್ಲಿ ನನಗೆ ಮನೆ ಇತ್ತು, ಪಕ್ಕದ ಮನೆ ಇರಲಿಲ್ಲ.

ಪಕ್ಕದ ಮನೆ ಅಂದರೆ ನನ್ನ ಗೆಳತಿ. ಅವಳೂ ನಾನೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ನಮ್ಮಿಬ್ಬರ ಹಿತ್ತಿಲ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅದರ ಮೇಲಿನಿಂದ ಐವತ್ತು ವರ್ಷ ಹೆಪ್ಪಿನ ಬಟ್ಟಲು ಓಡಾಡಿತು. ನಮ್ಮ ಮನೆಯ ಮೊಸರು ಖಾಲಿಯಾದರೆ ಅವಳದು ಒಂದು ಚಮಚ, ಅವಳದು ಖಾಲಿಯಾದರೆ ನನ್ನದು ಒಂದು ಚಮಚ. ಕಡೆಕಡೆಗೆ ಯಾವ ಹುಳಿ ಯಾರ ಮನೆಯದೆಂದು ನಮಗೇ ತಿಳಿಯುತ್ತಿರಲಿಲ್ಲ. ಬಟ್ಟಲಿನ ಜೊತೆ ಮಾತೂ ಬರುತ್ತಿತ್ತು. ಅತ್ತೆಯ ಮೇಲಿನ ಸಿಟ್ಟು, ಮಗಳ ಹೆರಿಗೆ, ಗಂಡ ಹೋದ ದುಃಖ, ಎಲ್ಲ ಆ ಗೋಡೆ ದಾಟಿದೆ. ಎರಡು ವರ್ಷದ ಹಿಂದೆ ಮಗಳು ಅವಳನ್ನು ಕಾರಟಗಿಗೆ ಕರೆದುಕೊಂಡು ಹೋದಳು. ಆ ಮನೆ ಕೊಂಡವರು ಗೋಡೆಯನ್ನು ಎರಡಾಳು ಎತ್ತರಕ್ಕೆ ಸಿಮೆಂಟಿನಲ್ಲಿ ಏರಿಸಿದರು. ನಾನು ಈಚೆ ನಿಂತು ಪಾತ್ರೆ ತಿಕ್ಕುವಾಗ ಆಚೆ ಯಾರೋ ಕೆಮ್ಮಿದ್ದು ಕೇಳುತ್ತಿತ್ತು. ಕೆಮ್ಮಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಮನೆ ನೋಡಲು ಹೊರಟ ಭಾನುವಾರ ನನ್ನ ಚೀಲದಲ್ಲಿ ಮುಚ್ಚಳದ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು. ಮೊಮ್ಮಗಳ ಪಟ್ಟಿ ಅವಳ ಫೋನಿನಲ್ಲಿತ್ತು: ನೀರು, ಬೆಳಕು, ಕಚೇರಿಗೆ ಎಷ್ಟು ದೂರ. ನನ್ನ ಪಟ್ಟಿ ಡಬ್ಬಿಯಲ್ಲಿತ್ತು.

ಮೊದಲು ನೋಡಿದ್ದು ಊರ ಹೊರಗಿನ ಹೊಸ ಲೇಔಟಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಲಿಫ್ಟು, ನುಣುಪಾದ ಟೈಲ್ಸು, ಕಿಟಕಿ ತೆಗೆದರೆ ಗಾಳಿಯೋ ಗಾಳಿ. ಮೊಮ್ಮಗಳು ಮಾಲೀಕನೊಂದಿಗೆ ಬಚ್ಚಲು ನೋಡುತ್ತಿದ್ದಾಗ ನಾನು ಎದುರು ಫ್ಲ್ಯಾಟಿನ ಗಂಟೆ ಒತ್ತಿದೆ. ಒಬ್ಬ ಹರೆಯದ ಹೆಣ್ಣುಮಗಳು ಬಾಗಿಲು ಅರ್ಧ ತೆಗೆದಳು.

"ಒಂದ ಚಮಚ ಹೆಪ್ಪ ಇದ್ರ ಕೊಡ್ತೀ ಏನವಾ? ಈ ಮನಿ ನೋಡಾಕ ಬಂದೀವಿ" ಎಂದೆ.

ಪಾಪ, ಒಳ್ಳೆಯವಳು. ಫ್ರಿಜ್ಜಿನಿಂದ ಒಡೆಯದ ಮೊಸರಿನ ಪಾಕೀಟನ್ನೇ ತಂದು ಕೈಯಲ್ಲಿಟ್ಟಳು. "ಇಡೀ ಪಾಕೀಟ ತಗೋರಿ ಅಮ್ಮಾರ. ವಾಪಸ್ ಏನೂ ಕೊಡಬ್ಯಾಡ್ರಿ" ಎಂದು ನಕ್ಕು ಬಾಗಿಲು ಹಾಕಿಕೊಂಡಳು. ಬಾಗಿಲ ಎದುರು ನಿಂತು ಯೋಚಿಸಿದೆ. ವಾಪಸ್ ಕೊಡುವುದೇ ಬೇಡವೆಂದರೆ ನಾಳೆ ಈ ಗಂಟೆ ಒತ್ತಲು ನನಗೆ ನೆವವೆಲ್ಲಿ?

ಎರಡನೆಯದು ಕೋಟೆಯ ಕೆಳಗಿನ ಹಳೆಯ ಓಣಿ. ಕೆಳಗೆ ಕಲ್ಲಿನ ಮನೆ, ಮೇಲೆ ಹೊಸದಾಗಿ ಕಟ್ಟಿದ ಎರಡು ಕೋಣೆ. ಎರಡಾಳು ಎದುರುಬದುರಾದರೆ ಒಬ್ಬರು ಓರೆಯಾಗಬೇಕು, ಅಷ್ಟು ಕಿರಿದಾದ ಓಣಿ. ಅಡ್ಡಾಡುವವರೆಲ್ಲ "ಯಾರ ಮನಿಗೆ ಬಂದೀರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ನನಗೆ ಅಲ್ಲಿಯೇ ಅರ್ಧ ಮನಸ್ಸು ಕೂತಿತು. ಕೀಲಿಕೈ ತರಬೇಕಾದ ಮಾಲೀಕ ಬಂದಾಗ ಹೊತ್ತು ಮುಳುಗಿತ್ತು. ಮೊಮ್ಮಗಳು ಮೇಲೆ ಹೋದಳು. ಪಕ್ಕದ ಮನೆಯ ಕಟ್ಟೆಯ ಮೇಲೆ ನನ್ನ ವಯಸ್ಸಿನವಳೇ ಒಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಿಂದೆ ದೇವರ ಮನೆಯಲ್ಲಿ ದೀಪ ಕಾಣುತ್ತಿತ್ತು. ಡಬ್ಬಿ ತೆಗೆದು ಹೆಪ್ಪು ಕೇಳಿದೆ.

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಇಲ್ಲ" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ಅಷ್ಟೇ. ಒಂದು ಚಮಚ ಮೊಸರಿಗೆ ಗತಿಯಿಲ್ಲದವಳ ಹಾಗೆ ಓಣಿಯ ನಡುವೆ ನಿಂತುಬಿಟ್ಟೆ. ಕಣ್ಣಿಗೆ ನೀರು ಬಂದದ್ದನ್ನು ಧೂಳಿನ ಮೇಲೆ ಹಾಕಿದೆ. ಕೆಳಗಿಳಿದ ಮೊಮ್ಮಗಳ ಮುಖ ಅರಳಿತ್ತು.

"ಆಯಿ, ಭಾಳ ಛಲೋ ಐತಿ. ಆಫೀಸಿಗೆ ನಡಕೊಂತ ಹೋಗಬಹುದು!"

"ಈ ಓಣಿ ಬ್ಯಾಡ."

"ಯಾಕ?"

"ಹವಾ ಸರಿ ಇಲ್ಲ."

ಅವಳು ನನ್ನನ್ನೇ ನೋಡಿದಳು. ಮಾಲೀಕ, ಇನ್ನೊಬ್ಬರು ಮನೆ ಕೇಳಿದ್ದಾರೆ, ನಾಳೆ ಮಧ್ಯಾಹ್ನದೊಳಗೆ ಹೇಳಿ ಎಂದ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ, "ಹಂಗಾರ ಫ್ಲ್ಯಾಟ ಹಿಡಿಯೋಣ ಬಿಡು. ನಿನಗ ಅದ ಸೇರಿದ್ರ ಅದ" ಎಂದಳು. ನನಗೆ ಎರಡೂ ಸೇರಿರಲಿಲ್ಲ. ನನಗೆ ಬೇಕಾಗಿದ್ದ ಮನೆ ಯಾವ ಊರಿನಲ್ಲೂ ಬಾಡಿಗೆಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ, ಆಫೀಸಿಗೆ ರಜೆ ಹೇಳಿ ಮೊಮ್ಮಗಳು ಚಹಾ ಕುಡಿಯುತ್ತಿದ್ದಾಗ, ನಾನು ಕಾರಟಗಿಗೆ ಫೋನು ಹಚ್ಚಿದೆ. ಆ ಓಣಿಯವಳನ್ನು ಬೈಯಲು ನನಗೆ ಗೆಳತಿ ಬೇಕಾಗಿತ್ತು. ಅವಳ ಹಿಂದೆ ರೈಸ್ ಮಿಲ್ಲಿನ ಗುಯ್ಯೆನ್ನುವ ಸದ್ದು. ನಾನು ಕೂಗಿ ಕೂಗಿ ಎಲ್ಲ ಹೇಳಿದೆ.

"ಯಾವಾಗ ಕೇಳಿದಿ?" ಎಂದಳು.

"ನಿನ್ನಿ."

"ನಿನ್ನಿ ಎಷ್ಟೊತ್ತಿಗೆ, ಮೂಳಿ?"

"ಹೊತ್ತ ಮುಳುಗಿತ್ತು. ದೀಪ ಹಚ್ಚಿದ್ರು."

ಆ ಕಡೆಯಿಂದ ನಗು. "ದೀಪ ಹಚ್ಚಿದ ಮ್ಯಾಲೆ ಹೆಪ್ಪ ಕೇಳಿದಿ! ಯಾರರ ಕೊಡ್ತಾರೇನ? ನಾ ಕೊಡ್ತಿದ್ನೇನ? ಐವತ್ತು ವರ್ಷದಾಗ ಒಂದ ದಿನಾ ಕೇಳಿದ್ಯಾ?"

ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೊಸ್ತಿಲು ದಾಟಿದರೆ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆ ಎಂದು ನನ್ನ ಸೊಸೆಗೆ ಬೈದು ಕಲಿಸಿದವಳು ನಾನೇ. ಹೊತ್ತಿಳಿಯುವ ಮೊದಲೇ ಗೋಡೆಯ ಹತ್ತಿರ ಹೋಗುವುದು ನನ್ನ ಕಾಲಿಗೆ ಗೊತ್ತಿತ್ತು, ತಲೆಗೆ ಹೇಳಬೇಕಾಗಿರಲಿಲ್ಲ. ಕೇಳಲು ಯಾರೂ ಇಲ್ಲದ ಎರಡು ವರ್ಷದಲ್ಲಿ ಕೇಳುವ ಹೊತ್ತೇ ಮರೆತುಹೋಗಿತ್ತು.

"ನಿನಗ ಅಲ್ಲೆ ಹೆಪ್ಪ ಯಾರ ಕೊಡ್ತಾರ?" ಎಂದು ಕೇಳಿದೆ, ಮೆಲ್ಲಗೆ.

"ಬಾಜೂಕ ಆಂಧ್ರದ ಕಡಿಂದ ಬಂದ ಕ್ಯಾಂಪಿನಾಕಿ ಒಬ್ಬಾಕಿ ಅದಾಳ. ತೆಲುಗ ಮಾತಾಡ್ತಾಳ. ಮೊದಲ ದಿನಾ ಕೈಸನ್ನಿ ಮಾಡಿ ಕೇಳಿದ್ನಿ, ಕೊಟ್ಲು. ಈಗ ದಿನಾ ಬರ್ತಾಳ. ನಾ ಕನ್ನಡದಾಗ ಅಳಿಯನ್ನ, ಆಕಿ ತೆಲುಗಿನಾಗ ಸೊಸಿನ್ನ, ಇಬ್ರೂ ಬೈಕೊಂತ ಕೂಡ್ತೀವಿ."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವಳ ಮನೆಯ ಮೊಸರು ಈಗ ನಮ್ಮ ಮೊಸರಲ್ಲ. ಫೋನು ಇಟ್ಟ ಮೇಲೂ ಕಿವಿಯಲ್ಲಿ ಮಿಲ್ಲಿನ ಸದ್ದು ಇತ್ತು.

ಮೊಮ್ಮಗಳು ಚಹಾದ ಲೋಟ ಹಿಡಿದು ಎಲ್ಲ ಕೇಳಿಸಿಕೊಂಡಿದ್ದಳು. "ಆಯಿ, ಹವಾ ಸರಿ ಇಲ್ಲ ಅಂದ್ಯಲ್ಲ, ಇದೇನ ಆ ಹವಾ?"

"ಹೂಂ."

"ಒಂದ ಚಮಚ ಮೊಸರಿನ ಸಲುವಾಗಿ ನನ್ನನ್ನ ದಿನಾ ಎರಡ ಆಟೋ ಹತ್ತಿಸಾಕ ಹೊಂಟಿದ್ಯಲ್ಲ!"

"ಆಮ್ಯಾಲೆ ಬೈಯುವಂತಿ. ಮೊದಲ ಆ ಮಾಲೀಕಗ ಫೋನ್ ಹಚ್ಚು."

ಹಚ್ಚಿದಳು. ಇನ್ನೊಬ್ಬರು ಹನ್ನೆರಡಕ್ಕೆ ಬರುತ್ತಾರಂತೆ, ಯಾರು ಮೊದಲು ಬಂದು ಕೈಯಲ್ಲಿ ಮುಂಗಡ ಇಡುತ್ತಾರೋ ಅವರಿಗೆ ಮನೆ ಎಂದ. ಸಿಕ್ಕ ಬಸ್ಸು ಹತ್ತಿದೆವು. ಅದು ಪ್ರತಿ ಹಳ್ಳಿಯಲ್ಲೂ ನಿಂತಿತು. ಒಂದು ಕಡೆ ಕುರಿಗಳು ಅಡ್ಡ ಬಂದವು. ಮೊಮ್ಮಗಳು ಗಡಿಯಾರ ನೋಡಿದಳು. ಮನೆ ಕೈತಪ್ಪಿದರೆ ತಪ್ಪು ನನ್ನದು, ಅವಳು ದಿನಾ ಎರಡು ಆಟೋ ಹತ್ತುವುದಕ್ಕೂ ನಾನೇ ಕಾರಣ ಎಂದು ಡಬ್ಬಿ ಹಿಡಿದು ಕೂತಿದ್ದೆ.

ಓಣಿ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಮಾಲೀಕ ಮೆಟ್ಟಿಲ ಮೇಲೆ ಒಬ್ಬನೇ ನಿಂತಿದ್ದ. ಮೊಮ್ಮಗಳು ಓಡಿ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮುಖ ಹೊರಹಾಕಿ, "ಆಯಿ, ಆತು!" ಎಂದು ಕೂಗಿದಳು. ಓಣಿಯ ನಾಲ್ಕು ಮನೆಗೆ ಸುದ್ದಿ ತಲುಪಿತು.

ಪಕ್ಕದ ಕಟ್ಟೆಯವಳು ಆ ಕೂಗಿಗೆ ಹೊರಗೆ ಬಂದಳು. ನಾನು ಮತ್ತೆ ಡಬ್ಬಿ ಚಾಚಿದೆ. ಅದನ್ನು ತೆಗೆದುಕೊಂಡು ಒಳಗೆ ಹೋಗಿ, ಕೆನೆ ಸಮೇತ ಎರಡು ಚಮಚ ಹಾಕಿ ತಂದಳು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ನಮ್ಮ ಹುಳಿಯಲ್ಲ. ಬೇರೆಯೇ ಹುಳಿ, ಸ್ವಲ್ಪ ಸಿಹಿಯ ಕಡೆಗಿನದು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದೆ. ಆಮೇಲೆ ಜಗಳ ತೆಗೆದೆ.

"ಅಲ್ರಿ, ನಿನ್ನಿ 'ದೀಪ ಹಚ್ಚೀವಿ, ನಾಳಿ ಬರ್ರಿ' ಅಂತ ಒಂದ ಮಾತ ಅಂದಿದ್ರ ನಿಮ್ಮ ಬಾಯಾನ ಮುತ್ತ ಉದುರ್ತಿತ್ತೇನ? ಈ ಓಣಿನ ಬ್ಯಾಡ ಅಂತ ಹೋಗಿದ್ನಿ ನಾನು."

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಹೋದಾಕಿ ತಿರುಗಿ ಬರ್ತಾಳೋ ಇಲ್ಲೋ ಅಂತ ನಾನೂ ನೋಡಬೇಕಾಗಿತ್ತು. ನೀ ಒಬ್ಬಾಕೇ ಓಣಿ ನೋಡಾಕ ಬರಬೇಕು, ಓಣಿ ನಿನ್ನ ನೋಡಬಾರದೇನ?"