ಒಂದು ಏಣಿ ದೂರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದೂರ ಅಳೆಯಲು ಟೇಪು ಇರಲಿಲ್ಲ, ಅಪ್ಪನ ಏಣಿ ಇತ್ತು. ಒಂದೇ ಬಿದಿರಿನ ಉದ್ದನೆಯ ಏಣಿ. ಗೆಣ್ಣಿನ ಹತ್ತಿರ ಕವಲನ್ನು ಗೇಣುದ್ದ ಬಿಟ್ಟು ಕಡಿದರೆ ಅದೇ ಮೆಟ್ಟಿಲು. ಅದನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿ ಕಟ್ಟಿ, ಸೊಂಟಕ್ಕೆ ಚೀಲ ಬಿಗಿದುಕೊಂಡು ಅಪ್ಪ ಕರಿಮೆಣಸು ಕೊಯ್ಯಲು ಹತ್ತುತ್ತಿದ್ದ. ಕೆಳಗೆ ನಿಂತು ನೋಡಿದರೆ ಬಳ್ಳಿಯ ನಡುವೆ ಅವನ ಅಂಗಾಲು ಮಾತ್ರ ಕಾಣುತ್ತಿತ್ತು. ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಅವನಷ್ಟು ಎತ್ತರ ಹತ್ತುವವರು ಇರಲಿಲ್ಲ. ಇದನ್ನು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಮೆಣಸು ಕೊಯ್ಯುವ ನಮ್ಮವರಲ್ಲಿ ಒಂದು ಕಟ್ಟಳೆ ಇತ್ತು. ನೆಲದ ಮೇಲೆ ಮಲಗಿಸಿದ ಏಣಿಯನ್ನು ಯಾರೂ ಮೆಟ್ಟಬಾರದು, ದಾಟಬಾರದು. ಜೀವ ನಂಬಿ ಹತ್ತುವ ವಸ್ತುವಿಗೆ ಕಾಲು ತಾಗಿಸುವುದುಂಟೇ? ಕಳ್ಳು ಕುಡಿದು ತೂರಾಡುವವನು ಕೂಡ ಏಣಿ ಕಂಡರೆ ಸುತ್ತು ಹಾಕಿ ಹೋಗುತ್ತಿದ್ದ.

ಆ ವರ್ಷ ಮೆಣಸಿನ ಕೊಯ್ಲಿನ ಹೊತ್ತಿಗೇ ಜ್ವರ ಬಂತು. ಕೂಲಿಯವರು ಸಾಲುಮನೆ ಕಟ್ಟಿಕೊಂಡಿದ್ದ ಲೈನಿನಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬಿ, ಬೆಳಿಗ್ಗೆ ಹಾಜರಿ ಕೂಗುವಾಗ ಅರ್ಧ ಜನವೇ ಇರುತ್ತಿರಲಿಲ್ಲ. ಶಾಲೆಗೂ ಬೀಗ ಬಿತ್ತು. ನನಗೆ ಅದು ಖುಷಿಯೇ. ಆದರೆ ನಮ್ಮ ಮನೆಯಲ್ಲಿ ಅಕ್ಕ ಇದ್ದಳು. ಅವಳಿಗೆ ಮೂರು ವರ್ಷದವಳಿದ್ದಾಗಿನಿಂದಲೇ ಉಬ್ಬಸ. ಚಳಿಗೆ, ಹೊಗೆಗೆ, ಒಂದೊಂದು ಸಲ ಜೋರಾಗಿ ನಕ್ಕರೂ ಸಾಕು, ಅವಳ ಎದೆ ಕಮ್ಮಾರನ ಹಳೆಯ ತಿದಿಯ ಹಾಗೆ ಕುಯ್ಯೋ ಎನ್ನುತ್ತಿತ್ತು. ಅಪ್ಪ ಔಷಧಿ ಶಾಲೆಗೆ ಹೋಗಿ ಕೇಳಿದಾಗ ಕಂಪೌಂಡರು ಒಂದೇ ಮಾತು ಹೇಳಿದರಂತೆ: "ಬೇರೆಯವರು ಈ ಜ್ವರ ತಡ್ಕೊಳ್ತಾರೆ. ನಿನ್ನ ಮಗಳ ಎದೆ ತಡ್ಕೊಳ್ಳೋದಿಲ್ಲ."

ಅಪ್ಪ ಕೆಲಸ ಬಿಡುವ ಹಾಗಿರಲಿಲ್ಲ. ಕೆಲಸಕ್ಕೆ ಹೋದರೆ ಜ್ವರದವರ ನಡುವೆಯೇ ಹೋಗಬೇಕು. ಅದಕ್ಕೆ ಅವನು ಮನೆಯನ್ನೇ ಬಿಟ್ಟ. ದಾರಿಯ ತುದಿಯಲ್ಲಿದ್ದ ಸೌದೆ ಕೊಟ್ಟಿಗೆಗೆ ಚಾಪೆ ಒಯ್ದು ಹಾಕಿಕೊಂಡ. ನಮ್ಮ ಮನೆಯ ಮೆಟ್ಟಿಲಿನಿಂದ ಕೊಟ್ಟಿಗೆಯ ಕಡೆಗೆ ಒಬ್ಬರು ನಡೆಯುವಷ್ಟೇ ಅಗಲದ ದಾರಿ, ಎರಡೂ ಬದಿ ಒತ್ತಾಗಿ ಕಾಫಿ ಗಿಡ. ಆ ದಾರಿಯ ಉದ್ದಕ್ಕೂ ಅಪ್ಪ ತನ್ನ ಹಳೆಯ ಏಣಿಯನ್ನು ಮಲಗಿಸಿದ. "ಈ ತುದಿ ನಿಮ್ಮದು, ಆ ತುದಿ ನನ್ನದು" ಅಂದ.

ಊಟ ಕಳಿಸಲು ಅಮ್ಮ ಒಂದು ಬುಟ್ಟಿಗೆ ಎರಡೂ ಕಡೆ ಹಗ್ಗ ಕಟ್ಟಿದಳು. ಅಪ್ಪ ಅತ್ತ ಎಳೆದರೆ ಗಂಜಿ, ಒಣಮೀನಿನ ಚಟ್ನಿ ಹೋಗುತ್ತಿತ್ತು. ನಾವು ಇತ್ತ ಎಳೆದರೆ ಅಕ್ಕಿ, ಉಪ್ಪು, ಕೆಲವೊಮ್ಮೆ ಕಿತ್ತಳೆ ಬರುತ್ತಿತ್ತು. ಬಂದದ್ದನ್ನು ಒಂದು ದಿನ ಬಿಸಿಲಲ್ಲಿ ಇಡದೆ ಅಮ್ಮ ಮುಟ್ಟಗೊಡುತ್ತಿರಲಿಲ್ಲ. ಕಿತ್ತಳೆಯನ್ನು ಇಡೀ ದಿನ ಸುಮ್ಮನೆ ನೋಡುತ್ತಾ ಕೂರುವ ಕಷ್ಟ ನಿಮಗೆ ಗೊತ್ತಿಲ್ಲ.

ಹೀಗೆ ಹತ್ತು ಹನ್ನೆರಡು ದಿನ ಕಳೆದವು. ನಾನು ಮರೆಯದ ದಿನ ಅದಾದ ಮೇಲೆ ಬಂತು. ಅಂದು ಬೆಳಿಗ್ಗೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಸೊಪ್ಪಿನ ಕಟ್ಟು ಹಿಡಿದು ಕೊಟ್ಟಿಗೆಯ ಕಡೆಯಿಂದ ಬಂದರು. ಯಾರು ಎಷ್ಟು ಹೇಳಿದರೂ ಅವರು ಕೇಳುವವರಲ್ಲ.

"ತಂಗಿ ಮನೆಗೆ ಬರೋಕೂ ಅಪ್ಪಣೆ ಬೇಕಾ? ನಂಗೇನು ಜ್ವರ ಇಲ್ಲ, ಕಲ್ಲಿದ್ದ ಹಾಗಿದ್ದೀನಿ!"

"ಅಕ್ಕಾ, ಏಣಿ ಮಲಗಿಸಿದೆ," ಎಂದಳು ಅಮ್ಮ.

ದೊಡ್ಡಮ್ಮ ಕೆಳಗೆ ನೋಡಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಗಂಡನೂ ಮೆಣಸು ಕೊಯ್ಯುವವರೇ. ಕಂಪೌಂಡರ ಮಾತಿಗೆ ನಿಲ್ಲದವರು ಏಣಿಗೆ ನಿಂತರು. ಆದರೆ ಕಾಫಿ ಕುಡಿಯದೆ ಹೋಗುವವರಲ್ಲ. ಅಮ್ಮ ಬೆಲ್ಲದ ಕಾಫಿ ಬುಟ್ಟಿಯಲ್ಲಿಟ್ಟು ಕಳಿಸಿದಳು. ತಲುಪುವಾಗ ಅರ್ಧ ಲೋಟ ಉಳಿದಿತ್ತು. "ಇಷ್ಟು ಕಾಫಿಗೆ ಅಷ್ಟು ಹಗ್ಗವಾ!" ಎಂದು ದೊಡ್ಡಮ್ಮ ಕೂಗಿದ್ದಕ್ಕೆ ಅಕ್ಕ ನಕ್ಕು, ನಗು ಕೆಮ್ಮಾಗಿ, ಕಂಬ ಹಿಡಿದು ಕೂತಳು. ಅವಳ ಉಸಿರು ಸರಿಯಾಗುವವರೆಗೆ ಅಮ್ಮ ಬೆನ್ನು ನೀವಿದಳು. ದೊಡ್ಡಮ್ಮ ಲೋಟವನ್ನು ಬುಟ್ಟಿಗೆ ಇಟ್ಟರು. ಹೋಗುವಾಗ ಅವರು ಏಣಿಯ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಅಪ್ಪ ಬಂದ. ದಿನಾ ಬಂದವನೇ ಏಣಿಯ ಆ ತುದಿಯಲ್ಲಿ ನಿಂತು, "ಮಗಳ ಎದೆ ಹೇಗಿದೆ?" ಎಂದು ಕೇಳುತ್ತಿದ್ದ. ಅಂದು ನಿಲ್ಲಲಿಲ್ಲ. ನೆಲಕ್ಕೆ ಕುಕ್ಕರಿಸಿ, ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡ. ಎಷ್ಟೋ ಎತ್ತರ ಹತ್ತುವ ನಮ್ಮಪ್ಪ ನೆಲದ ಮೇಲೆ ಅಷ್ಟು ಸಣ್ಣದಾಗಿ ಕಂಡ. ನನಗೆ ಬೇರೇನೂ ತೋಚಲಿಲ್ಲ. ಓಡಿದೆ. ಏಣಿಯನ್ನು ಮೆಟ್ಟಿಕೊಂಡೇ ಓಡಿದೆ.

"ನಿಲ್ಲೋ! ಬರ್ಬೇಡ!" ಅಪ್ಪ ಎದ್ದು ಹಿಂದಕ್ಕೆ ಸರಿದ. ಕೈಗೆ ಸಿಕ್ಕ ದೋಟಿಗೋಲನ್ನು ಅಡ್ಡ ಹಿಡಿದ. ಹಸು ಓಡಿಸುವ ಹಾಗೆ ನನ್ನನ್ನು ಓಡಿಸಲು ನೋಡಿದ. ನಾನು ದೋಟಿಯ ಕೆಳಗೆ ನುಸುಳಿ ಅವನ ಕಾಲು ತಬ್ಬಿಕೊಂಡೆ. ಬಚ್ಚಲ ಹಂಡೆಯ ಹಾಗೆ ಮೈ ಸುಡುತ್ತಿತ್ತು.

ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕನೂ ಮೆಟ್ಟಿಲು ಇಳಿಯುತ್ತಿದ್ದಳು. ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. "ನೀನೊಂದು ಹೆಜ್ಜೆ ಇಟ್ರೆ ನಾನು ಇಷ್ಟು ದಿನ ಹೊರಗೆ ಮಲಗಿದ್ದೆಲ್ಲ ದಂಡ!" ಅಮ್ಮ ಅಕ್ಕನ ರಟ್ಟೆ ಹಿಡಿದು ನಿಲ್ಲಿಸಿದಳು. ಮೂವರೂ ಅಳುತ್ತಿದ್ದೆವು. ಅಪ್ಪ ಮಾತ್ರ ಏದುಸಿರು ಬಿಡುತ್ತಾ ನನ್ನ ತಲೆ ಮೇಲೆ ಕೈ ಇಟ್ಟ. "ಆಯ್ತಲ್ಲ, ಮುಟ್ಬಿಟ್ಟೆ. ಇನ್ನು ನೀನೂ ಈ ಕಡೆಯವನೇ" ಅಂದ.

ಅಲ್ಲಿಂದ ನಾನು ಸೌದೆ ಕೊಟ್ಟಿಗೆಯವನಾದೆ. ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಗಂಜಿ ಕುಡಿಸಿದೆ, ಮೂರು ದಿನ ಕಳೆದ ಮೇಲೆ ನಾನೂ ಮಲಗಿದೆ. ನಮ್ಮನ್ನು ಕೂಗಿ ಕೇಳಲು ಅಕ್ಕನಿಗೆ ಉಸಿರಿರಲಿಲ್ಲ. ಅವಳು ಒಂದು ಉಪಾಯ ಮಾಡಿದಳು. ತನ್ನ ತುದಿಯಲ್ಲಿ ಕೂತು ಸೌಟಿನಿಂದ ಬಿದಿರಿಗೆ ಎರಡು ಸಲ ತಟ್ಟುತ್ತಿದ್ದಳು. ಟಕ್, ಟಕ್. ನಾನು ಈ ತುದಿಗೆ ಕಿವಿ ಹಚ್ಚಿದರೆ ಅವಳು ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ಎರಡು ತಟ್ಟಿದರೆ "ಹೇಗಿದ್ದೀರಿ?" ಎಂದು. ನಾನು ಒಂದು ತಟ್ಟಿದರೆ "ಇದ್ದೇವೆ" ಎಂದು. ನನಗೆ ಜ್ವರ ಏರಿದ್ದ ದಿನ ಅಪ್ಪ ತೆವಳಿಕೊಂಡು ಬಂದು ಆ ಒಂದನ್ನು ತಟ್ಟಿದ್ದನಂತೆ.

ನಾವಿಬ್ಬರೂ ಎದ್ದೆವು. ಜ್ವರ ಅಕ್ಕನ ಹತ್ತಿರ ಸುಳಿಯಲಿಲ್ಲ. ಅಪ್ಪನಿಗೆ ಮಾತ್ರ ಮೊದಲಿನ ದಮ್ಮು ಬರಲಿಲ್ಲ, ಅರ್ಧ ಮರ ಹತ್ತುವಾಗಲೇ ನಿಲ್ಲುತ್ತಿದ್ದ. ಮುಂದಿನ ಕೊಯ್ಲಿಗೆ ನಾನು ಶಾಲೆ ಬಿಟ್ಟು ಏಣಿ ಹತ್ತಿದೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಈ ಮನೆಯ ಒಂದೊಂದು ಹೆಂಚೂ ಆ ಏಣಿ ಹತ್ತಿ ತಂದದ್ದು.

ಮಕ್ಕಳೇ, ಕೊರೊನಾ ಬಂದಾಗ ನಾನು ಅಲ್ಯೂಮಿನಿಯಂ ಏಣಿಯನ್ನು ಅಂಗಳದಲ್ಲಿ ಯಾಕೆ ಮಲಗಿಸಿದೆ ಎಂದು ನೀವು ಕೇಳಿದ್ದಿರಿ. ನಿಮ್ಮ ಅಜ್ಜಿಗೆ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕರೆದೊಯ್ದು, ಆಸ್ಪತ್ರೆಯ ಜನರ ನಡುವೆ ಓಡಾಡುತ್ತಿದ್ದ ನಿಮ್ಮಪ್ಪ ಮನೆಯೊಳಗೆ ಬರದೆ ಔಟ್‌ಹೌಸಿನಲ್ಲಿ ಉಳಿದ. ಅಂದಿನ ನಮ್ಮಪ್ಪನ ಹಾಗೆಯೇ. ನಿಮಗೆ ಮಾಸ್ಕು ಇತ್ತು, ಸಾಬೂನು ಇತ್ತು, ಆಮೇಲೆ ಲಸಿಕೆಯೂ ಬಂತು. ನಮಗೆ ಇವೇನೂ ಇರಲಿಲ್ಲ. ನೆಟ್‌ವರ್ಕ್ ಹುಡುಕಿ ನೀರಿನ ಟ್ಯಾಂಕಿನ ಮೇಲೆ ಕೂತು ಪಾಠ ಕೇಳುತ್ತಿದ್ದಿರಿ, ಅಪ್ಪನ ಮುಖವನ್ನು ಫೋನಿನಲ್ಲಿ ಹತ್ತಿರದಿಂದಲೇ ನೋಡುತ್ತಿದ್ದಿರಿ. ನೋಡಿಯೂ ಓಡಿ ಹೋಗಿ ತಬ್ಬಿಕೊಳ್ಳಲಿಲ್ಲ. ಆ ವಯಸ್ಸಿನಲ್ಲಿ ನನ್ನಿಂದ ಆಗದ್ದನ್ನು ನೀವು ಮಾಡಿದಿರಿ. ಅಜ್ಜಿ ಇಂದು ನಿಮ್ಮ ತಲೆ ಬಾಚುತ್ತಿರುವುದು ಅದರಿಂದಲೇ.

ಗೋಣಿಕೊಪ್ಪಲಿನಲ್ಲಿರುವ ನನ್ನ ಅಕ್ಕನಿಗೆ ಈಗ ನನಗಿಂತ ಬಿಳಿ ಕೂದಲು, ಕೈಯಲ್ಲಿ ಯಾವಾಗಲೂ ಇನ್‌ಹೇಲರ್. ಆ ದಿನಗಳಲ್ಲಿ ಒಮ್ಮೆ ಅವಳು ವಿಡಿಯೋ ಕಾಲ್ ಮಾಡಿ, ಮಾತಾಡದೆ, ಸೌಟಿನಿಂದ ಮೇಜಿಗೆ ಎರಡು ಸಲ ತಟ್ಟಿದಳು. ಗೋಣಿಕೊಪ್ಪಲಿನ ಅಜ್ಜಿಗೆ ಅರಳುಮರಳು ಎಂದು ನೀವು ನಕ್ಕಿರಿ. ನಾನು ಕನ್ನಡಕ ತೆಗೆದು ಒರೆಸಿಕೊಂಡು, ಫೋನಿನ ಬೆನ್ನಿಗೆ ಒಂದು ಸಲ ತಟ್ಟಿದೆ.