ಗೋಣಿಚೀಲ ತುರುಕಿದ ಕಿಟಕಿ

ಬಳ್ಳಾರಿಯ ಬ್ರೂಸ್‌ಪೇಟೆಯ ವಿರೂಪಾಕ್ಷಪ್ಪನವರ ಖಾನಾವಳಿಯಲ್ಲಿ ಜೋಳದ ರೊಟ್ಟಿ ತಿಂದವರು ಅದನ್ನು ಬಡಿಯುವ ಗಂಗಕ್ಕನನ್ನು ಹೊಗಳದೆ ಎದ್ದಿಲ್ಲ. ನಾನು ಅಲ್ಲಿಯ ಹಳೇ ಗಿರಾಕಿ. ಆದರೆ ಆಕೆ ಬಿಸಿ ರೊಟ್ಟಿ ತಿಂದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಜನವೆಲ್ಲ ಹೋದ ಮೇಲೆ ಹೊರಗಿನ ಕಟ್ಟೆಯಲ್ಲಿ ಕೂತು, ಕೆಮ್ಮು ಇಳಿಯುವವರೆಗೆ ಕಾದು, ತಣ್ಣಗಾದದ್ದನ್ನೇ ಮುರಿಯುತ್ತಿದ್ದಳು. ಒಳಗೆ ಹೊಗೆ, ಒಗ್ಗರಣೆಯ ಘಾಟು.

ಈ ಸಲ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಹೊಗೆಯಾದರೂ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ತನ್ನೂರು ಕರೂರಿಗೆ ಹೋಗಿ ಭತ್ತದ ನಾಟಿಗೆ ಬಗ್ಗುವ ಸೊಂಟ ಆಕೆಗೀಗ ಇಲ್ಲ. ರೊಟ್ಟಿ ಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ ಬೇರೆ.

ವಿರೂಪಾಕ್ಷಪ್ಪನವರು ಗಾಬರಿಬಿದ್ದು ಒಲೆಗಳ ಮೇಲೆ ದೊಡ್ಡ ತಗಡಿನ ಚಿಮಣಿ ಕೂರಿಸಿದರು. ಜಿಡ್ಡು ಹಿಡಿಯಲು ಜಾಲರಿ, ಮಾಳಿಗೆ ದಾಟುವ ಕೊಳವೆ, ಹೊಗೆ ಎಳೆಯುವ ಫ್ಯಾನು. ತೆಂಗಿನಕಾಯಿಯನ್ನೂ ಒಡೆದರು. ಫ್ಯಾನಿನ ಆರ್ಭಟವೇನೋ ಜೋರಾಗಿತ್ತು, ಹೊಗೆ ಮಾತ್ರ ಅಲ್ಲೇ ಸುತ್ತಿತು.

ಚಿಮಣಿ ಮಾಡಿದ ಹನುಮೇಶ್ ಬಂದು ನೋಡಿದರೆ, ಕಿಟಕಿಗೆ ಗೋಣಿಚೀಲ ತುರುಕಿದೆ.

"ಯಾರು ಮುಚ್ಚಿದ್ದು?"

"ನಾನ," ಎಂದಳು ಗಂಗಕ್ಕ. "ಗಾಳಿ ಬಡದ್ರ ಹಿಟ್ಟು ಆರತೈತಿ, ರೊಟ್ಟಿ ಅಂಚು ಬಿರೀತೈತಿ. ಬಿರದ ರೊಟ್ಟಿ ನಾ ಯಾರ ತಾಟಿಗೂ ಹಾಕಿಲ್ಲ ತಮ್ಮಾ."

"ಅಕ್ಕಾ, ಫ್ಯಾನು ಹೊರಗ ದಬ್ಬಿದಷ್ಟು ಗಾಳಿ ಒಳಗ ಬರಬೇಕಲ್ರಿ. ಬರಾಕ ದಾರಿನ ಇಲ್ಲಂದ್ರ ಹೊಗಿ ಹೆಂಗ ಹೋಗ್ತೈತಿ?"

ನನಗೆ ಸಿಟ್ಟು ಬಂತು. "ರೊಟ್ಟಿ ದೊಡ್ಡದೋ, ಜೀವ ದೊಡ್ಡದೋ?" ಎಂದು ರೇಗಿದೆ. ಆಕೆ ತಲೆ ತಗ್ಗಿಸಿ ಹಿಟ್ಟು ನಾದುತ್ತಲೇ ಇದ್ದಳು.

ಹನುಮೇಶ್ ನಗಲಿಲ್ಲ. ಆಕೆ ಹಿಟ್ಟು ನಾದಲು ಕೂರುವ ಜಾಗ ನೋಡಿಕೊಂಡ. ಕಿಟಕಿಯನ್ನು ಹಾಗೇ ಬಿಟ್ಟು, ಆಚೆಗೋಡೆಯ ಬುಡದಲ್ಲಿ ಅಗಲವಾದ ಕಿಂಡಿ ಕೊರೆದ. ಬಳ್ಳಾರಿಯ ಕೆಂಧೂಳಿಗೆ ಜಾಲರಿ ಹಾಕಿ, ಗಾಳಿ ನೆಲ ಹಿಡಿದು ಮೆಲ್ಲಗೆ ಒಲೆಯ ಕಡೆ ಹೋಗುವಂತೆ ತಗಡು ಬಾಗಿಸಿದ. ಹಿಟ್ಟಿನ ಕಡೆ ಅದು ಸುಳಿಯಲಿಲ್ಲ.

ಫ್ಯಾನು ಹಾಕಿದರು. ಹೊಗೆ ನೆಟ್ಟಗೆ ಮೇಲೇರಿತು. ಗಂಗಕ್ಕ ಹೆದರುತ್ತಲೇ ರೊಟ್ಟಿ ಬಡಿದಳು. ಅಂಚು ಬಿರಿಯಲಿಲ್ಲ, ಹಂಚಿನ ಮೇಲೆ ಪೂರ್ತಿ ಉಬ್ಬಿತು. ನಾನು ರೂಢಿಯಂತೆ ತಾಟು ಚಾಚಿದೆ.

ಆಕೆ ಕೊಡಲಿಲ್ಲ. ಒಲೆಯ ಪಕ್ಕದಲ್ಲೇ ಕೂತು, ಹಬೆಯಾಡುವ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದು, ನಮ್ಮನ್ನೆಲ್ಲ ಒಮ್ಮೆ ನೋಡಿದಳು.

"ನೀವೆಲ್ಲಾ ಇಷ್ಟು ವರ್ಷ ಇದನ್ನ ತಿಂತಿದ್ರೇನ್ರಿ?"